ಬಾಯಿ ಮುಚ್ಚಿ ಓಡಿದ ದುಗ್ಗಿ

ಬಹಳ ಬಹಳ ಹಿಂದೆ, ಮರದ ಕಿವಿಯಲ್ಲಿ ಗುಟ್ಟು ಹೇಳಿದರೆ ಮರ ಅದನ್ನು ಯಾರಿಗೂ ಹೇಳದೆ ಇಟ್ಟುಕೊಳ್ಳುತ್ತಿದ್ದ ಕಾಲದಲ್ಲಿ, ತುಂಬೆನಾಡು ಅಂತ ಒಂದು ರಾಜ್ಯವಿತ್ತು. ಅದಕ್ಕೆ ಎರಡು ಕೋಟೆ. ಬೆಟ್ಟದ ಮೇಲೆ ಕಲ್ಲುಕೋಟೆ, ಕೆರೆಯ ದಡದಲ್ಲಿ ನೀರುಕೋಟೆ. ಕಲ್ಲುಕೋಟೆಯನ್ನು ಅರಸ ನೀಲಶೇಖರ ಆಳುತ್ತಿದ್ದ. ನೀರುಕೋಟೆಯನ್ನು ಅವನ ಒಡಹುಟ್ಟಿದ ತಂಗಿ ರಾಣಿ ಚಂಪಾವತಿ ಆಳುತ್ತಿದ್ದಳು. ಎರಡರ ನಡುವೆ ಒಂದು ಹಗಲಿನ ಓಟದ ದಾರಿ.

ಆ ನಾಡಿನ ಅರಸರು ಓಲೆ ಬರೆಯುತ್ತಿರಲಿಲ್ಲ. ಓಲೆಯನ್ನು ಯಾರಾದರೂ ಕದ್ದು ಓದಿಯಾರು ಎಂಬ ಗುಮಾನಿ ಅವರಿಗೆ. ಹೇಳಬೇಕಾದ್ದನ್ನು ಹರಿಕಾರನ ಕಿವಿಯಲ್ಲಿ ಹೇಳುತ್ತಿದ್ದರು. ಹರಿಕಾರ ಅಂದರೆ ಮಾತು ಹೊತ್ತು ಓಡುವವನು. ಅವನು ದಾರಿಯುದ್ದಕ್ಕೂ "ದಾರಿ ಬಿಡಿ, ಅರಸರ ಮಾತು! ದಾರಿ ಬಿಡಿ, ಅರಸರ ಮಾತು!" ಎಂದು ಕೂಗುತ್ತಾ ಓಡಬೇಕು. ಗಂಟಲು ದೊಡ್ಡದಿದ್ದಷ್ಟೂ ಮರ್ಯಾದೆ ದೊಡ್ಡದು. ಕೂಗದೆ ಓಡಿದವನನ್ನು ಹೆಂಡತಿಯೂ ಮನೆಯೊಳಗೆ ಸೇರಿಸುತ್ತಿರಲಿಲ್ಲ. ಈ ಕೂಗಿನ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ.

ಹೀಗಿರುವಾಗ ಅಣ್ಣ ತಂಗಿಯ ನಡುವೆ ಮಾತು ಕೆಟ್ಟಿತು. ಅಣ್ಣ "ಹಬ್ಬಕ್ಕೆ ಬಾರಮ್ಮ, ನಿನ್ನ ಕೋಣೆ ಸಾರಿಸಿಟ್ಟಿದ್ದೇನೆ" ಎಂದು ಹೇಳಿ ಕಳಿಸಿದ. ತಂಗಿಗೆ ಮುಟ್ಟಿದ್ದು "ಹಬ್ಬಕ್ಕೆ ಬಂದೀಯ ಜೋಕೆ, ಬಾಗಿಲಿಗೆ ಅಗುಳಿ ಹಾಕಿದ್ದೇನೆ" ಎಂದು. ತಂಗಿ "ಅಣ್ಣಾ, ನಿನ್ನ ಮಂಡಿನೋವು ಹೇಗಿದೆ?" ಎಂದು ಕೇಳಿ ಕಳಿಸಿದಳು. ಅಣ್ಣನಿಗೆ ಮುಟ್ಟಿದ್ದು "ಅಣ್ಣಾ, ನೀನಿನ್ನೂ ಸತ್ತಿಲ್ಲವೆ?" ಎಂದು. ಹೀಗೆ ಹೋದ ಮಾತೆಲ್ಲ ಹಾಲಾಗಿ ಹೊರಟು ವಿಷವಾಗಿ ಸೇರಿತು. ಎರಡೂ ಕೋಟೆಯಲ್ಲಿ ಕತ್ತಿ ಮಸೆಯುವ ಸದ್ದು ಶುರುವಾಯಿತು.

ಅರಸನಿಗೆ ಅಡುಗೆಯವನ ಮೇಲೆ ಅನುಮಾನ. ಅಡುಗೆಯವನಿಗೆ ಸೌದೆಯವನ ಮೇಲೆ ಅನುಮಾನ. ಸೌದೆಯವನು ಮನೆಗೆ ಹೋಗಿ ಹೆಂಡತಿಯನ್ನು ಓರೆಗಣ್ಣಲ್ಲಿ ನೋಡುತ್ತಿದ್ದ. ಕೊನೆಗೆ ಎಲ್ಲರ ಬೆರಳೂ ಹರಿಕಾರರ ಕಡೆ ತಿರುಗಿತು. ಮಾತು ಹೊತ್ತವನೇ ತಾನೇ ಮಾತು ಕೆಡಿಸುವುದು? ಅರಸ ತನ್ನ ಹರಿಕಾರ ಚಿಕ್ಕೀರನನ್ನು ಹಿಡಿಸಿ ಸೆರೆಯಲ್ಲಿಟ್ಟ.

"ಬರುವ ಅಮಾವಾಸ್ಯೆಗೆ ಇವನಿಗೆ ಮೌನಶಿಕ್ಷೆ" ಎಂದು ಡಂಗುರ ಹೊಡೆಸಿದ.

ಮೌನಶಿಕ್ಷೆ ಅಂದರೆ ಬದುಕಿರುವವರೆಗೂ ಬಾಯಿ ಬಿಡುವಂತಿಲ್ಲ. ಅವನ ಜೊತೆ ಯಾರೂ ಮಾತಾಡುವಂತಿಲ್ಲ. ಒಂದೇ ಒಂದು ಮಾತು ಆಡಿದರೂ ತಲೆ ಹೋಗುತ್ತದೆ. ಚಿಕ್ಕೀರನಿಗೆ ಒಬ್ಬ ಮಗಳಿದ್ದಳು, ಆಗಷ್ಟೇ "ಅಪ್ಪ" ಅನ್ನಲು ಕಲಿತಿದ್ದಳು. ಇನ್ನು ಅವಳು ಕರೆದರೆ "ಓ" ಅನ್ನಲು ಅಪ್ಪನಿಗೆ ಬಾಯಿ ಇಲ್ಲ. ಆ ಮನೆಯವರ ಪಾಡೇನು?

ಚಿಕ್ಕೀರನಿಗೆ ದುಗ್ಗಿ ಅಂತ ಒಬ್ಬಳು ತಂಗಿ. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ ಅನ್ನುತ್ತಾರಲ್ಲ, ದುಗ್ಗಿ ಬಾಯಿ ಸುಟ್ಟುಕೊಳ್ಳದೆಯೇ ಊದುವವಳು. ತಾಯಿ ಕೊಟ್ಟ ಮುದ್ದೆಯನ್ನೂ ಮುರಿದು ನೋಡಿ ತಿನ್ನುವಳು. "ಇಂಥ ಅನುಮಾನದ ಪಿಶಾಚಿಯನ್ನ ಯಾರು ಮದುವೆ ಆಗ್ತಾರೋ" ಎಂದು ಊರು ನಗುತ್ತಿತ್ತು. ಓಟದಲ್ಲಿ ಮಾತ್ರ ಅವಳನ್ನು ಮೀರಿಸುವವರು ಯಾರೂ ಇರಲಿಲ್ಲ.

ದುಗ್ಗಿ ಮೊದಲು ಅನುಮಾನಪಟ್ಟದ್ದು ಅಣ್ಣನನ್ನೇ. ಸೆರೆಮನೆಗೆ ಹೋಗಿ ಕಂಬಿಯ ಹೊರಗೆ ಕುಕ್ಕರಗಾಲಲ್ಲಿ ಕೂತಳು.

"ಅಣ್ಣಯ್ಯಾ, ನಿಜ ಹೇಳು. ಮಾತು ತಿರುಚಿದ್ದು ನೀನೇನಾ?"

"ನನ್ನ ಮಗಳ ಮೇಲಾಣೆ ಪುಟ್ಟವ್ವಾ, ಹೇಳಿದ್ದನ್ನ ಹೇಳಿದ ಹಾಗೇ ಹೇಳಿದೀನಿ" ಎಂದ ಚಿಕ್ಕೀರ. ಅವನು ತಂಗಿಯನ್ನು ಯಾವತ್ತೂ ಕರೆಯುತ್ತಿದ್ದುದು ಪುಟ್ಟವ್ವ ಅಂತಲೇ. "ನನ್ನ ಕಿವಿಗೆ ಸರಿಯಾಗೇ ಕೇಳಿಸ್ತು. ರಾಣಿಯಮ್ಮ ಯಾಕೆ ಕೆಂಡವಾದ್ರೋ ತಿಳೀಲಿಲ್ಲ."

"ದಾರೀಲಿ ಏನಾಯ್ತು?"

"ಏನೂ ಆಗಲಿಲ್ಲ. ಓಡಿದೆ, ಕೂಗಿದೆ. ಅರವಟ್ಟಿಗೇಲಿ ಪಾನಕ ಕುಡಿದೆ. ಒಂದೆರಡು ಹುಳ ಬಾಯಿಗೆ ಹೋದವು, ಕ್ಯಾಕರಿಸಿ ಉಗಿದೆ. ಓಡೋನ ಬಾಯಿಗೆ ಹುಳ ಹೋಗೋದು ಹೊಸದಾ? ಆಮೇಲೆ ಆ ಮುಸುಕಿನ ಆಡಿನವನು ಅಡ್ಡ ಬಂದ. ಕಲ್ಲೆಸೆದೆ, ಓಡಿಹೋದ."

ಮುಸುಕಿನ ಆಡಿನವನು! ಅವನನ್ನು ಎಲ್ಲರೂ ಕಂಡಿದ್ದರು. ಮುಖಕ್ಕೆ ಬಟ್ಟೆ ಸುತ್ತಿಕೊಂಡು ಜೌಗಿನ ಹತ್ತಿರ ಆಡು ಮೇಯಿಸುತ್ತಿದ್ದ. ಯಾರ ಜೊತೆಯೂ ಒಂದು ಮಾತಿಲ್ಲ. ಹರಿಕಾರರನ್ನು ಕಂಡರೆ ಮಾತ್ರ ಕೈ ಬೀಸುತ್ತಾ ಮೈಮೇಲೆ ಬೀಳುತ್ತಿದ್ದ. ಇವನೇ ಕಳ್ಳ ಎಂದು ದುಗ್ಗಿ ಮನಸ್ಸಿನಲ್ಲೇ ತೀರ್ಪು ಕೊಟ್ಟಳು.

ಅಲ್ಲಿಂದ ನೇರ ಅರಸನ ಮುಂದೆ ಹೋಗಿ ನಿಂತಳು. "ಬುದ್ಧೀ, ನನಗೊಂದು ಮಾತು ಕೊಡಿ. ಅದನ್ನ ಹಂಗೇ ಮುಟ್ಟಿಸಿ, ಅಮಾವಾಸ್ಯೆಗೆ ಮುಂಚೆ ಉತ್ತರ ತರ್ತೀನಿ. ತಂದ್ರೆ ನಮ್ಮಣ್ಣನ್ನ ಬಿಡಿ."

"ನಿನ್ನನ್ನು ಹೇಗೆ ನಂಬಲಿ?" ಎಂದ ಅರಸ.

"ನಂಬಬೇಡಿ ಬುದ್ಧಿ. ನಾನೂ ಯಾರನ್ನೂ ನಂಬಲ್ಲ."

ಅರಸನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು ಅದು. ಅವಳ ಕಿವಿಯಲ್ಲಿ ಒಂದು ಮಾತು ಹೇಳಿದ. "ತಪ್ಪಿದರೆ ನಿನಗೂ ನಿನ್ನಣ್ಣನಿಗೂ ಜೋಡಿ ಮೌನಶಿಕ್ಷೆ" ಎಂದೂ ಸೇರಿಸಿದ.

ಬೆಳಕು ಹರಿಯುತ್ತಲೇ ದುಗ್ಗಿ ಹರಿಕಾರನ ಕೋಲು ಹಿಡಿದು ಹೊರಟಳು. "ದಾರಿ ಬಿಡಿ, ಅರಸರ ಮಾತು!" ಎಂದು ಕೂಗಿದಳು. ಗಾಡಿಗಳು ಪಕ್ಕಕ್ಕೆ ಸರಿದವು. ಬೆಟ್ಟ ಇಳಿದಳು, ಹೊಲ ದಾಟಿದಳು, ಅರ್ಧ ದಾರಿ ಮುಗಿಯುವ ಹೊತ್ತಿಗೆ ದೊಡ್ಡ ಗೋಣಿಮರದ ಕೆಳಗಿನ ಅರವಟ್ಟಿಗೆ ಸಿಕ್ಕಿತು.

ಅಲ್ಲೊಬ್ಬ ಬಿಳಿಗಡ್ಡದ ಅಜ್ಜ ಬಂದವರಿಗೆಲ್ಲ ಬಿಟ್ಟಿ ಪಾನಕ ಕೊಡುತ್ತಿದ್ದ. ಅರವಟ್ಟಿಗೆ ದಾಟುವವರು ಒಂದು ಬೊಗಸೆಯಾದರೂ ಕುಡಿಯಲೇಬೇಕು, ಬೇಡ ಅಂದರೆ ಧರ್ಮಕ್ಕೆ ಅವಮಾನ ಎಂಬುದು ಆ ನಾಡಿನ ಪದ್ಧತಿ. ಅಜ್ಜನ ನಗು ಬೆಲ್ಲಕ್ಕಿಂತ ಸಿಹಿ. ಇಷ್ಟು ಸಿಹಿಯಾದವರನ್ನು ಕಂಡರೆ ನನಗೇನೋ ಹಲ್ಲು ಜುಮ್ಮೆನ್ನುತ್ತದೆ.

"ಬಾ ಮಗಳೇ, ಗಂಟಲು ಒಣಗಿರ್ತದೆ. ಹೊಟ್ಟೆ ತುಂಬ ಕುಡಿ. ತುಟಿ ಒರೆಸ್ಕೋಬೇಡ, ಧರ್ಮದ ಪಾನಕ ತುಟಿ ಮೇಲಿದ್ರೆ ಒಳ್ಳೇದು."

ದುಗ್ಗಿ ಬೊಗಸೆ ಒಡ್ಡಿದಳು. ಆದರೆ ಹುಟ್ಟುಗುಣ ಬಿಡಬೇಕಲ್ಲ, ಸುತ್ತ ನೋಡಿದಳು. ಕೊಳಗದ ತುಂಬ ಬೆಲ್ಲದ ನೀರು, ಮುಚ್ಚಳವಿಲ್ಲ. ಪಕ್ಕದಲ್ಲಿ ಜಜ್ಜಿದ ಬೆಲ್ಲದ ಅಚ್ಚು. ಅದರ ಮೇಲೆ ಒಂದು ನೊಣವಿಲ್ಲ. ಒಂದು ಇರುವೆಯೂ ಇಲ್ಲ.

ಬೆಲ್ಲ ಇದ್ದ ಕಡೆ ನೊಣ ಇಲ್ಲ ಅಂದರೆ ಏನರ್ಥ? ನೊಣಗಳು ಹೊಟ್ಟೆ ತುಂಬಿ ಮಲಗಿದ್ದಾವೋ, ಇಲ್ಲ ಯಾರದೋ ಅಪ್ಪಣೆಗೆ ಕಾಯುತ್ತಿದ್ದಾವೋ? ಅಜ್ಜನ ಬೆನ್ನ ಹಿಂದೆ ಬಾಯಿ ಕಟ್ಟಿದ ಗಡಿಗೆಗಳ ಸಾಲಿತ್ತು. ಕಿವಿಗೊಟ್ಟರೆ ಒಳಗಿನಿಂದ ಗುಂಯ್ ಎಂಬ ಸದ್ದು.

ದುಗ್ಗಿ ಕುಡಿದಂತೆ ಮಾಡಿದಳು. ಪಾನಕವೆಲ್ಲ ಮೊಣಕೈವರೆಗೆ ಇಳಿದು ನೆಲಕ್ಕೆ ಹೋಯಿತು. ತುಟಿಗೆ ಮಾತ್ರ ಸ್ವಲ್ಪ ಅಂಟಿತು.

"ಕೂಗ್ತಾ ಹೋಗು ಮಗಳೇ" ಎಂದ ಅಜ್ಜ. "ಕೂಗದ ಹರಿಕಾರ ಹರಿಕಾರನೇ ಅಲ್ಲ."

ಅರವಟ್ಟಿಗೆ ದಾಟಿದರೆ ಜೊಂಡು ಬೆಳೆದ ಜೌಗು. ಮೇಲೆ ನೊರಜಿನ ಮೋಡ, ಹೊಗೆಯ ಹಾಗೆ ಕಪ್ಪಗೆ. ದುಗ್ಗಿ ಕೂಗಲು ಬಾಯಿ ತೆರೆದಳೋ ಇಲ್ಲವೋ, ಜೊಂಡಿನೊಳಗಿಂದ ಮುಸುಕಿನ ಆಡಿನವನು ಹಾರಿ ಬಂದು ಅವಳ ಬಾಯಿಗೆ ಒದ್ದೆ ಬಟ್ಟೆ ಒತ್ತಿದ. ದುಗ್ಗಿ ಬಿಟ್ಟಾಳೆಯೇ? ಕೋಲು ತಿರುಗಿಸಿ ಬೆನ್ನಿಗೆ ಬಾರಿಸಿದಳು. ಅವನು ಅಮ್ಮಾ ಅನ್ನಲಿಲ್ಲ, ಅಯ್ಯೋ ಅನ್ನಲಿಲ್ಲ. ಒಂದು ಕೈಯಲ್ಲಿ ಅವಳ ಬಾಯಿ ಹಿಡಿದು ಇನ್ನೊಂದು ಕೈಯಲ್ಲಿ ತನ್ನ ಆಡಿನ ಕಡೆ ತೋರಿಸಿದ.

ಆಡು ಬ್ಯಾ ಎನ್ನಲು ಬಾಯಿ ತೆರೆಯಿತು. ಒಂದು ನೊರಜು ಸುಯ್ಯೆಂದು ಒಳಗೆ ಹೋಯಿತು, ಮರುಕ್ಷಣ ಹೊರಗೆ ಬಂದು ಅರವಟ್ಟಿಗೆಯ ಕಡೆ ಹಾರಿತು. ಆಮೇಲೆ ಆಡು ದುಗ್ಗಿಯ ಕಡೆ ತಿರುಗಿ ಸ್ಪಷ್ಟವಾಗಿ ಹೇಳಿತು: "ಹಬ್ಬಕ್ಕೆ ಬಂದೀಯ ಜೋಕೆ, ಬಾಗಿಲಿಗೆ ಅಗುಳಿ ಹಾಕಿದ್ದೇನೆ."

ದುಗ್ಗಿಯ ಕೈಯಿಂದ ಕೋಲು ಜಾರಿತು. ಕಳ್ಳರು ಹುಳಗಳು! ಬಾಯಿಗೆ ಹೋಗಿ ಒಳ್ಳೆಯ ಮಾತು ಕದ್ದು, ಕೆಟ್ಟ ಮಾತು ಇಟ್ಟು ಬರುತ್ತವೆ. ತುಟಿಯ ಸಿಹಿಗೆ ಬರುತ್ತವೆ, ಕೂಗಿಗೆ ತೆರೆದ ಬಾಯಲ್ಲಿ ನುಗ್ಗುತ್ತವೆ. ಅಣ್ಣ ಕ್ಯಾಕರಿಸಿ ಉಗಿದಿದ್ದು ಹುಳವನ್ನಲ್ಲ, ಅರಸನ ಮಾತನ್ನೇ.

"ನೀನು ಯಾರು?" ಎಂದು ಬಟ್ಟೆಯೊಳಗಿಂದಲೇ ಕೇಳಿದಳು. ಆಡಿನವನು ಕುತ್ತಿಗೆಯ ತಾಯಿತ ತೋರಿಸಿದ. ಹರಿಕಾರರ ತಾಯಿತ, ಸವೆದು ಹಳೆಯದಾಗಿತ್ತು. ಆಮೇಲೆ ತುಟಿಯ ಮೇಲೆ ಬೆರಳಿಟ್ಟುಕೊಂಡ. ಹಿಂದಿನ ಅರಸನ ಕಾಲದಲ್ಲಿ ಮೌನಶಿಕ್ಷೆಯಾದ ಹರಿಕಾರ ಬೊಮ್ಮಲಿಂಗ ಇವನೇ ಎಂದು ದುಗ್ಗಿಗೆ ಹೊಳೆಯಿತು. ಇಷ್ಟು ವರ್ಷ ಜೌಗಿನ ಬಳಿ ಕಾದು ನಿಂತು, ಬಂದವರಿಗೆಲ್ಲ ಕೈ ಬೀಸಿ, ಬಂದವರಿಂದೆಲ್ಲ ಕಲ್ಲೇಟು ತಿಂದಿದ್ದ. ತಾನು ಹೊಡೆದ ಏಟು ನೆನೆದು ಅವಳಿಗೆ ನಾಚಿಕೆಯಾಯಿತು.

ದುಗ್ಗಿ ತುಟಿ ಒರೆಸಿಕೊಂಡು, ಒದ್ದೆ ಬಟ್ಟೆಯನ್ನು ಮೂಗು ಬಾಯಿ ಸೇರಿಸಿ ಬಿಗಿದು ಕಟ್ಟಿದಳು. ಆದರೆ ಕೂಗದಿದ್ದರೆ ದಾರಿ ಬಿಡುವವರು ಯಾರು? ಬೊಮ್ಮಲಿಂಗ ಆಡಿನ ಕೊರಳ ಗಂಟೆ ಬಿಚ್ಚಿ ಅವಳ ಕೋಲಿನ ತುದಿಗೆ ಕಟ್ಟಿದ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಲಕ್ಕಿಸೊಪ್ಪಿನ ಕೊಂಬೆಯನ್ನೂ ಕೊಟ್ಟ. ಘಣ ಘಣ ಎಂದು ದುಗ್ಗಿ ಓಡಿದಳು.

ಮೊದಲು ನೊರಜಿನ ಮೋಡ ಕವಿಯಿತು. ಕಣ್ಣಿಗೆ ಬಿತ್ತು, ಕಿವಿಗೆ ಬಿತ್ತು, ಬಟ್ಟೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಕೂತಿತು. ದುಗ್ಗಿ ತಲೆ ತಗ್ಗಿಸಿ, ಕಣ್ಣು ಕಿರಿದು ಮಾಡಿ, ಗಾಳಿ ಬೀಸುವ ಏರಿಯ ಮೇಲೆ ಹತ್ತಿ ಓಡಿದಳು. ಗಾಳಿಯಲ್ಲಿ ನೊರಜು ನಿಲ್ಲಲಾರದು. ದುಗ್ಗಿ ಬಾಯಿ ಬಿಡಲಿಲ್ಲ.

ಆಮೇಲೆ ಹುಲ್ಲುಗಾವಲಿನಲ್ಲಿ ಕುರುಡುನೊಣ ಬಂದವು. ಒಂದೊಂದೂ ಹುಣಸೆಬೀಜದಷ್ಟು ದಪ್ಪ. ಕುತ್ತಿಗೆಗೆ ಚುಚ್ಚಿದವು, ಮೀನಖಂಡಕ್ಕೆ ಚುಚ್ಚಿದವು. ಅಮ್ಮಾ ಎಂದು ಕಿರುಚಲಿ, ಬಾಯಿ ತೆರೆಯಲಿ ಎಂಬುದೇ ಅವುಗಳ ಹಂಚಿಕೆ. ಕಣ್ಣಲ್ಲಿ ನೀರು ಬಂತು. ಎಡಗಾಲಿಗೊಮ್ಮೆ ಎಡಕ್ಕೆ, ಬಲಗಾಲಿಗೊಮ್ಮೆ ಬಲಕ್ಕೆ ಲಕ್ಕಿಸೊಪ್ಪು ಬೀಸುತ್ತಾ ಓಡಿದಳು. ಆ ಘಾಟಿಗೆ ನೊಣಗಳು ಹಿಂದೆ ಸರಿದವು. ದುಗ್ಗಿ ಬಾಯಿ ಬಿಡಲಿಲ್ಲ.

ಕೊನೆಗೆ, ನೀರುಕೋಟೆಯ ಬಾಗಿಲು ಕಾಣುವ ತಿರುವಿನಲ್ಲಿ, ಹುಳಗಳೆಲ್ಲ ಸೇರಿ ಒಂದು ಆಳಿನ ಆಕಾರವಾಗಿ ದಾರಿಯಲ್ಲಿ ನಿಂತವು. ಆ ಆಕಾರ ಚಿಕ್ಕೀರನ ದನಿಯಲ್ಲಿ ಮಾತಾಡಿತು.

"ದುಗ್ಗೀ, ಅರಸರು ನನ್ನ ಬಿಟ್ಟರು ಕಣೇ. ನಿಲ್ಲು. ಒಂದು ಸಲ ಅಣ್ಣಾ ಅನ್ನು."

ಅಣ್ಣನ ದನಿ ಕೇಳಿ ಅವಳ ಕಾಲು ತಡವರಿಸಿತು. ಬಾಯಿತುದಿಗೆ ಅಣ್ಣಯ್ಯ ಎಂಬ ಮಾತು ಬಂದೇಬಿಟ್ಟಿತ್ತು. ಆದರೆ ಅಣ್ಣ ಯಾವತ್ತು ದುಗ್ಗಿ ಅಂದಿದ್ದ? ಅವನಿಗೆ ಅವಳು ಪುಟ್ಟವ್ವ. ದುಗ್ಗಿ ಕೋಲೆತ್ತಿ ಗಂಟೆ ಬಾರಿಸುತ್ತಾ ಆ ಆಕಾರದ ನಡುವೆಯೇ ನುಗ್ಗಿ ಆಚೆ ಹೋದಳು. ಬಾಯಿ ಬಿಡಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ರಾಣಿ ಚಂಪಾವತಿಯ ಮುಂದೆ ನಿಂತು ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಮುಖವೆಲ್ಲ ಬೊಬ್ಬೆ.

"ತಾಯಿ, ನಿಮ್ಮಣ್ಣ ಹೇಳಿದ ಮಾತು ಇದು. 'ಚಿಕ್ಕಂದಿನಲ್ಲಿ ಬೆಳ್ಳಿ ಚೊಂಬು ಬಾವಿಗೆ ಬೀಳಿಸಿದ್ದು ನೀನು, ಅಮ್ಮನ ಕೈಲಿ ಏಟು ತಿಂದಿದ್ದು ನಾನು. ಈಗಲೂ ನಿನ್ನ ಪಾಲಿನ ಏಟು ತಿನ್ನೋಕೆ ಸಿದ್ಧ. ಯಾಕಮ್ಮ ಇಷ್ಟು ಕೋಪ?'"

ರಾಣಿ ಮೊದಲು ಹುಬ್ಬು ಗಂಟಿಕ್ಕಿದಳು. ಇಷ್ಟು ದಿನ ಬೈಗುಳ, ಇವತ್ತು ಬೆಲ್ಲವೇ? ಏನೋ ಮೋಸವಿದೆ. ಆದರೆ ಚೊಂಬು ಬೀಳಿಸಿದ್ದು ತಾನು ಎಂಬುದು ಅಣ್ಣನಿಗೂ ತನಗೂ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ. ಅವಳ ಕಣ್ಣು ತುಂಬಿತು. ದುಗ್ಗಿ ಹುಳಗಳ ಕತೆಯನ್ನೂ ಪಾನಕದ ಅಜ್ಜನ ಕತೆಯನ್ನೂ ಹೇಳಿದಳು.

"ಉತ್ತರ ಕಳಿಸೋದಿಲ್ಲ ಮಗು, ನಾನೇ ಬಂದು ಹೇಳ್ತೀನಿ" ಎಂದು ರಾಣಿ ಎದ್ದಳು.

ಮಾರನೆಯ ಬೆಳಿಗ್ಗೆ ರಾಣಿಯೂ ಅವಳ ಕಾವಲಿನವರೂ ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ದುಗ್ಗಿಯ ಜೊತೆ ಹೊರಟರು. ಜೌಗಿನ ಬಳಿಯಿಂದ ಬೊಮ್ಮಲಿಂಗನೂ ಆಡುಗಳೂ ಹಿಂದೆ ಬಂದರು. ಎಲ್ಲ ಸರಿಯಾಗಿಯೇ ಇತ್ತು. ಆದರೆ ಅನುಮಾನ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಹುಡುಗಿ ನೆಟ್ಟಗೆ ಹೋದಳೋ ಇಲ್ಲವೋ ಎಂದು ಅರಸನೂ ದಂಡು ಕಟ್ಟಿಕೊಂಡು ಹಿಂದೆಯೇ ಬಂದಿದ್ದ. ಬಂದವನು ಅರವಟ್ಟಿಗೆಯಲ್ಲಿ ಕೂತು ಬೊಗಸೆ ಬೊಗಸೆ ಪಾನಕ ಕುಡಿದಿದ್ದ.

"ನೋಡಿ ಮಹಾಸ್ವಾಮಿ" ಎಂದು ಅಜ್ಜ ದೂರಕ್ಕೆ ಬೆರಳು ತೋರಿಸಿದ. "ನಿಮ್ಮ ತಂಗಿ ಮುಸುಕು ಹಾಕಿದ ದಂಡು ತರ್ತಿದಾರೆ. ಒಳ್ಳೇದಕ್ಕೆ ಬರೋರು ಮುಖ ಯಾಕೆ ಮುಚ್ಕೊತಾರೆ? ಎದ್ದು ಒಂದು ಮಾತು ಕೂಗಿ ಕೇಳಿ."

ಅರಸ ಎದ್ದ. ಕತ್ತಿ ಹಿರಿದ. ತುಟಿಯಲ್ಲಿ ಪಾನಕದ ಹಸಿ. ತಲೆಯ ಮೇಲೆ ಗೋಣಿಮರದ ಎಲೆಎಲೆಯ ಅಡಿಯಿಂದ ನೊರಜುಗಳು ಸದ್ದಿಲ್ಲದೆ ಕೆಳಗಿಳಿದವು. ಅರಸ "ತಂಗೀ" ಎನ್ನಲು ಬಾಯಿ ತೆರೆದರೆ ಸಾಕು, ಹೊರಗೆ ಬರುವುದು ಯುದ್ಧದ ಮಾತು.

ಘಣ ಘಣ ಘಣ! ಗಂಟೆಯ ಸದ್ದಿಗೆ ಸೈನಿಕರು ಅರಿಯದೆಯೇ ದಾರಿ ಬಿಟ್ಟರು. ದುಗ್ಗಿ ಬಾಣದ ಹಾಗೆ ಬಂದು ಅರಸನ ಬಾಯಿಗೆ ಅಂಗೈ ಒತ್ತಿ ಹಿಡಿದಳು. ಅರಸನ ಬಾಯಿ ಮುಚ್ಚಿಸಿದವರು ಆ ನಾಡಿನಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಹತ್ತಾರು ಕತ್ತಿಗಳು ಅವಳ ಕುತ್ತಿಗೆಗೆ ಬಂದವು.

ದುಗ್ಗಿ ಕೈ ತೆಗೆಯಲಿಲ್ಲ. ಇನ್ನೊಂದು ಕೈಯ ಕೋಲಿನಿಂದ ಗಡಿಗೆಗಳ ಸಾಲಿಗೆ ಬೀಸಿ ಹೊಡೆದಳು.

ಮೊದಲ ಗಡಿಗೆ ಒಡೆಯಿತು. ಒಳಗಿಂದ ಅರಸನದೇ ದನಿ ಎದ್ದು ಬಂತು: "ಹಬ್ಬಕ್ಕೆ ಬಾರಮ್ಮ, ನಿನ್ನ ಕೋಣೆ ಸಾರಿಸಿಟ್ಟಿದ್ದೇನೆ." ಎರಡನೆಯದು ಒಡೆಯಿತು. ರಾಣಿಯ ದನಿ ಬಂತು: "ಅಣ್ಣಾ, ನಿನ್ನ ಮಂಡಿನೋವು ಹೇಗಿದೆ?" ಮೂರನೆಯದರಿಂದ ಬ್ಯಾ ಎಂಬ ಸದ್ದು ಬಂತು, ಹಿಂದಿದ್ದ ಆಡು ಕಿವಿ ನಿಮಿರಿಸಿತು. ಕದ್ದ ಮಾತುಗಳೆಲ್ಲ ಹೊರಗೆ ಬಂದವು. ಸೈನಿಕರ ಕತ್ತಿಗಳು ಒಂದೊಂದೇ ಕೆಳಗಿಳಿದವು.

ಅಜ್ಜನ ಬಿಳಿಗಡ್ಡ ಕಳಚಿ ಬಿತ್ತು. ಅದರಡಿಯಲ್ಲಿ ನೊಣದ ಮೂತಿ. ಹುಳಗಳ ಒಡೆಯ ಗುಂಗಾಸುರ ಅವನು. "ನೀವು ಹೊಡೆದಾಡಿ ಸತ್ತಿದ್ದರೆ ನನ್ನ ಮಕ್ಕಳಿಗೆ ವರ್ಷವಿಡೀ ಹಬ್ಬವಿತ್ತು!" ಎಂದು ಆರ್ಭಟಿಸಿದ.

ಆರ್ಭಟಿಸಬಾರದಿತ್ತು. ಗಡಿಗೆ ಒಡೆದು ಮನೆಯಿಲ್ಲದ ಹುಳಗಳಿಗೆ ಅಲ್ಲಿ ತೆರೆದ ಬಾಯಿ ಎಂದರೆ ಅದೊಂದೇ. ಸುಯ್ಯೆಂದು ಅಷ್ಟೂ ಒಳಗೆ ನುಗ್ಗಿದವು. ಅವನ ಮಾತು ಕದ್ದವು, ಮಂತ್ರ ಕದ್ದವು, ಮೈಯನ್ನೂ ಚೂರು ಚೂರಾಗಿ ಕದ್ದು ಹಾರಿಹೋದವು. ಕೊನೆಗೆ ಉಳಿದದ್ದು ಒಂದು ಸಣ್ಣ ನೊರಜು. ಅದು ಆಡಿನ ಬೆನ್ನ ಮೇಲೆ ಕೂತಿತು. ಆಡು ಬಾಲ ಬೀಸಿತು. ಅಲ್ಲಿಗೆ ಅವನ ಕತೆ ಮುಗಿಯಿತು.

ದುಗ್ಗಿ ಅರಸನ ಬಾಯಿಂದ ಕೈ ತೆಗೆದಳು. ಅರಸ ತಂಗಿಯ ಕಡೆ ಹೋದ. ಆಡಬೇಕಾದ ಮಾತೆಲ್ಲ ಗಡಿಗೆಯಿಂದ ಆಗಲೇ ಬಂದಿತ್ತು. ಇಬ್ಬರೂ ತಬ್ಬಿಕೊಂಡು ಮಕ್ಕಳ ಹಾಗೆ ಅತ್ತರು.

ಆಮೇಲೆ ಅರಸ ಬೊಮ್ಮಲಿಂಗನ ಎದುರು ಬಂದು ನಿಂತ. "ನಮ್ಮಪ್ಪ ನಿನ್ನ ಬಾಯಿ ಮುಚ್ಚಿಸಿದರು. ಅವರ ತಪ್ಪಿಗೆ ನಾನು ಕೈ ಮುಗಿಯುತ್ತೇನೆ. ಮಾತಾಡಪ್ಪಾ."

ಬೊಮ್ಮಲಿಂಗ ಮುಸುಕು ತೆಗೆದ. ಎಷ್ಟೋ ವರ್ಷ ಬಳಸದ ದನಿ ಬಾಗಿಲಿನ ಹಾಗೆ ಕಿರುಗುಟ್ಟಿತು.

"ನಾನು ಹೇಳಬೇಕು ಅಂತಿದ್ದದ್ದು ಒಂದೇ ಮಾತು ಬುದ್ಧಿ. ಬಾಯಿ ಮುಚ್ಕೊಂಡು ಓಡ್ರೋ ಅಂತ. ಅದನ್ನ ಹೇಳೋಕೆ ನನಗೆ ಬಾಯಿ ಇರಲಿಲ್ಲ."

ದುಗ್ಗಿ ಅವನ ಕಾಲಿಗೆ ಬಿದ್ದು, ತಾನು ಹೊಡೆದ ಬೆನ್ನನ್ನು ಸವರಿದಳು.

ಅಮಾವಾಸ್ಯೆಗೆ ಮುಂಚೆಯೇ ಚಿಕ್ಕೀರನ ಬಿಡುಗಡೆಯಾಯಿತು. ಅವನು ಮನೆಗೆ ಬರುವಾಗ ಮಗಳು ಹೊಸ್ತಿಲ ಮೇಲೆ ಕೂತಿದ್ದಳು. "ಅಪ್ಪಾ" ಅಂದಳು. "ಓ" ಅಂದ ಚಿಕ್ಕೀರ. ಮತ್ತೆ "ಅಪ್ಪಾ" ಅಂದಳು, ಮತ್ತೆ "ಓ" ಅಂದ. ಆ ಸಂಜೆಯೆಲ್ಲ ಅವರ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲವಂತೆ.

ಅಂದಿನಿಂದ ತುಂಬೆನಾಡಿನ ಹರಿಕಾರರು ಕೂಗುವುದನ್ನು ಬಿಟ್ಟರು. ಕೋಲಿಗೆ ಗಂಟೆ, ಬಾಯಿಗೆ ಬಟ್ಟೆ, ಸೊಂಟದಲ್ಲಿ ಲಕ್ಕಿಸೊಪ್ಪು. ಬೊಮ್ಮಲಿಂಗ ಅವರಿಗೆಲ್ಲ ಗುರುವಾದ, ಮಾತಾಡಿ ಮಾತಾಡಿ ಶಿಷ್ಯರ ತಲೆ ತಿಂದ. ಮೌನಶಿಕ್ಷೆ ಆ ನಾಡಿನಿಂದಲೇ ಹೋಯಿತು. ಅರವಟ್ಟಿಗೆಯನ್ನು ದುಗ್ಗಿಯೇ ನಡೆಸಿದಳು. ಅಲ್ಲಿ ಬೆಲ್ಲದ ಮೇಲೆ ನೊಣವೋ ನೊಣ, ಅಟ್ಟಿ ಅಟ್ಟಿ ಕೈ ಸೋಲುತ್ತಿತ್ತು. ಆದರೂ ಬಂದವರೆಲ್ಲ ಆ ನೊಣಗಳನ್ನು ನೋಡಿಯೇ ಧೈರ್ಯವಾಗಿ ಬೊಗಸೆ ಒಡ್ಡುತ್ತಿದ್ದರು. ಅವರೆಲ್ಲ ಅಲ್ಲಿ ಸುಖವಾಗಿದ್ದಾರೆ. ನಾವು ಇಲ್ಲಿ ಬಾಯಿ ಮುಚ್ಚಿಕೊಂಡು ಓಡೋಣ.